ಎಲ್ಲಿಗೆ ಅಂತ ಕೇಳದ ಮನೆ

ನಮ್ಮ ಮನೆಯಿಂದ ಯಾರಾದರೂ ಹೊರಟು ನಿಂತರೆ ‘ಎಲ್ಲಿಗೆ’ ಅಂತ ಕೇಳುವ ಹಾಗಿಲ್ಲ. ಬೈಂದೂರಿನ ಕಡಲ ಬದಿಯಲ್ಲಿ ಹುಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಕಡಲಿಗೆ ಹೊರಟವನನ್ನು ಹಿಂದಿನಿಂದ ಎಲ್ಲಿಗೆ ಅಂತ ಕೇಳಿದರೆ ಹೋದ ಕೆಲಸ ಕೆಟ್ಟಿತು ಅಂತ ನಂಬಿಕೆ. ಬಾಯಿ ತಪ್ಪಿ ಯಾರಾದರೂ ಕೇಳಿಬಿಟ್ಟರೆ ಹೊರಟವನು ಮರಳಿ ಬಂದು, ಜಗಲಿಯಲ್ಲಿ ಕುಳಿತು, ಒಂದು ಲೋಟ ನೀರು ಕುಡಿದು, ಹೊಸದಾಗಿ ಹೊರಡಬೇಕು. ದೋಣಿಗೆ ಹೋಗುವ ಗಂಡಸರಿಗಾಗಿ ಇದ್ದ ಶಾಸ್ತ್ರ ಇದು. ನನ್ನ ಅಮ್ಮ ಮುತ್ತು ಅದನ್ನು ಮೀನು ಮಾರಲು ಹೋಗುವ ಸೊಸೆಗೂ, ಅಂಗನವಾಡಿಗೆ ಹೋಗುವ ನನಗೂ, ರೇಷನ್ ಅಂಗಡಿಗೆ ಹೋಗುವ ಮಕ್ಕಳಿಗೂ ಹಚ್ಚಿಬಿಟ್ಟಿದ್ದಳು. ಹೊರಡುವವರು ‘ಬತ್ತೆ’ ಅನ್ನುತ್ತಾರೆ, ಒಳಗಿದ್ದವರು ‘ಹ್ಞೂಂ’ ಅನ್ನುತ್ತಾರೆ. ಅಲ್ಲಿಗೆ ಮಾತು ಮುಗಿಯಿತು.

ನನ್ನ ಅಣ್ಣ ಮಂಜನ ಮಗಳು ಧನ್ಯಶ್ರೀ ಆ ಶುಕ್ರವಾರವೂ ‘ಬತ್ತೆ’ ಅಂದೇ ಹೊರಟಳು. ಅವಳ ಅಮ್ಮ ರತ್ನ ಒಲೆಯ ಮುಂದಿನಿಂದಲೇ ‘ಹ್ಞೂಂ’ ಅಂದಳು. ಹೊಸ ಹಳದಿ ಚೂಡಿದಾರ, ಎಣ್ಣೆ ಹಾಕಿ ಬಿಗಿದ ಜಡೆ, ಹೆಗಲಿಗೆ ಕಾಲೇಜಿನ ಚೀಲ. ಕಾಲೇಜು ಮುಗಿಸಿ ಅವಳು ನೇರ ಕುಂದಾಪುರದ ಸಭಾಂಗಣಕ್ಕೆ ಬರುವುದು, ನಾನು ಮತ್ತು ರತ್ನ ಬೇಗ ಊಟ ಮುಗಿಸಿ ಅಲ್ಲಿಗೇ ಹೋಗುವುದು ಅಂತ ಹಿಂದಿನ ದಿನವೇ ಮಾತಾಗಿತ್ತು.

ಅಂದು ವಿಷ್ಣುಮೂರ್ತಿ ಮಾಷ್ಟ್ರಿಗೆ ಸನ್ಮಾನ. ಸಾಲಿಗ್ರಾಮದವರು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ನಿವೃತ್ತರಾದ ಮೇಲೆ ಮನೆಯಲ್ಲಿ ಕುಳಿತು ಪೇಪರು ಓದಬಹುದಿತ್ತು. ಹಾಗೆ ಮಾಡದೆ ಬಸ್ಸು ಹತ್ತಿ ಬಂದು ನಮ್ಮ ಕೇರಿಯ ಬಲೆ ಶೆಡ್ಡಿನಲ್ಲಿ ಸಂಜೆ ಪಾಠ ಶುರು ಮಾಡಿದರು. ಮೊದಮೊದಲು ಒಣಮೀನಿನ ವಾಸನೆಗೆ ಮೂಗಿಗೆ ಕರವಸ್ತ್ರ ಹಿಡಿಯುತ್ತಿದ್ದದ್ದು ನಿಜ, ನಾವು ಅದನ್ನು ಆಡಿಕೊಂಡು ನಕ್ಕಿದ್ದೂ ನಿಜ. ಆದರೆ ಆಷಾಢದ ಮಳೆಯಲ್ಲೂ ಅವರು ಪಾಠ ತಪ್ಪಿಸಲಿಲ್ಲ. ಹತ್ತನೇ ಕ್ಲಾಸಿಗೇ ಓದು ಬಿಟ್ಟು ಬಲೆ ಎಳೆಯಲು ಹೊರಟಿದ್ದ ಹುಡುಗರನ್ನು ಪಿಯುಸಿಗೆ ಸೇರಿಸಿದರು. ಧನ್ಯ ಅವರ ಕೈಯಲ್ಲಿ ಕಲಿತು ಬಿ.ಕಾಂ.ಗೆ ಸೇರಿದಳು. ನಮ್ಮ ಕೇರಿಯಿಂದ ಡಿಗ್ರಿ ಕಾಲೇಜಿಗೆ ಹೋದ ಮೊದಲ ಹುಡುಗಿ ಅವಳೇ. ಹಳ್ಳಿ ಮಕ್ಕಳನ್ನು ಕಾಲೇಜಿಗೆ ಮುಟ್ಟಿಸುವವರನ್ನು ಹುಡುಕಿ ಗೌರವಿಸುವ ಟ್ರಸ್ಟೊಂದು ಬ್ರಹ್ಮಾವರದಲ್ಲಿದೆ. ಆ ವರ್ಷ, ಅಂದರೆ ಎರಡು ಸಾವಿರದ ಒಂಬತ್ತರಲ್ಲಿ, ಚೌತಿ ಕಳೆದ ಮೇಲೆ ಅವರು ನಮ್ಮ ಬಲೆ ಶೆಡ್ಡಿನ ಪಾಠವನ್ನು ಆರಿಸಿದರು. ವೇದಿಕೆಯಲ್ಲಿ ಮಾಷ್ಟ್ರ ಪಕ್ಕದಲ್ಲಿ ಧನ್ಯ ನಿಂತು ನಾಲ್ಕು ಮಾತಾಡಬೇಕು ಅಂತ ಹೇಳಿ ಕಳಿಸಿದ್ದರು.

ನಾವು ಸಭಾಂಗಣಕ್ಕೆ ಹೋದಾಗ ಕುರ್ಚಿ ಹಾಕುತ್ತಿದ್ದರು. ಧನ್ಯ ಬಂದಿರಲಿಲ್ಲ. ರತ್ನ ಮದುವೆಯ ಸೀರೆಯ ಸೆರಗನ್ನು ಸರಿ ಮಾಡಿಕೊಳ್ಳುತ್ತ ಬಾಗಿಲು ಕಾಯುತ್ತ ನಿಂತಳು. ಕಾಲೇಜಿನ ಹುಡುಗಿಯರ ಒಂದು ಗುಂಪು ಒಳಗೆ ಬಂತು. ಅದರಲ್ಲಿ ಗುಲ್ವಾಡಿಯ ನವ್ಯಾ ಇದ್ದಳು, ಧನ್ಯಳದೇ ಕ್ಲಾಸು, ಒಮ್ಮೆ ನಮ್ಮ ಮನೆಗೂ ಬಂದಿದ್ದಳು.

“ಧನ್ಯ ನಿಮ್ಮೊಟ್ಟಿಗೆ ಬರ್ಲಿಲ್ಯಾ ಮಗಾ?” ರತ್ನ ಕೇಳಿದಳು.

ನವ್ಯಾ ನಮ್ಮಿಬ್ಬರ ಮುಖವನ್ನೂ ನೋಡಿದಳು. “ಧನ್ಯಂಗೆ ಹುಷಾರಾಯ್ತಾ ಅಕ್ಕ? ಒಂದ್ ತಿಂಗ್ಳಾಯ್ತಲೆ ಕ್ಲಾಸಿಗ್ ಬರ್ದೆ. ಜ್ವರ ಅಂದ್ಕಂಡಿದ್ದೆ ನಾನ್.”

ಹುಷಾರಿಲ್ಲದ ಹುಡುಗಿ ದಿನಾ ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಡುತ್ತಾಳೆಯೇ? ಸಂಜೆ ಬಂದು ಬುತ್ತಿ ತೊಳೆದಿಡುತ್ತಾಳೆಯೇ? ಒಂದು ತಿಂಗಳಿನಿಂದ ನಮ್ಮ ಮಗು ಎಲ್ಲಿಗೆ ಹೋಗುತ್ತಿತ್ತು? ಅಂಗನವಾಡಿಯಲ್ಲಿ ಊರಿನ ಮಕ್ಕಳ ತಲೆ ಎಣಿಸುವವಳು ನಾನು. ನಮ್ಮ ಮನೆಯ ಒಂದು ತಲೆ ಎಲ್ಲಿದೆ ಅಂತ ನನಗೆ ಗೊತ್ತಿರಲಿಲ್ಲ.

ಮಾಷ್ಟ್ರು ಜರಿ ಶಲ್ಯ ಹಾಕಿಕೊಂಡು ಬಂದರು. ಸಂಗತಿ ಹೇಳಿದೆ. “ಈಗ ಸ್ಟೇಜಿಗ್ ಅವ್ಳ್ ಹೆಸ್ರ್ ಕೂಗ್ತ್ರಲೆ,” ಅಂದರು, “ನಾ ಎಂತ ಹೇಳುದ್?”

ರತ್ನ ಅವರೆದುರು ಎಂದೂ ಗಟ್ಟಿ ಮಾತಾಡಿದವಳಲ್ಲ. ಅಂದು ಆಡಿದಳು. “ಹೆಸ್ರ್ ಕೂಗುದಲ್ಲ ಮಾಷ್ಟ್ರೇ. ನನ್ ಮಗು ಎಲ್ಲಿತ್ತ್?”

ಉತ್ತರಕ್ಕೆ ಕಾಯದೆ ನಾವಿಬ್ಬರೂ ಬಸ್‌ಸ್ಟ್ಯಾಂಡಿಗೆ ಓಡಿದೆವು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ನನ್ನ ತಲೆಯಲ್ಲಿ ಬರಬಾರದ್ದೆಲ್ಲ ಬಂತು. ಯಾವನ ಜೊತೆಗೋ ಹೋಗಿರಬಹುದು. ಹಾಗಾಗಿದ್ದರೆ ಸಾಕು ದೇವರೇ, ಹುಡುಕಿ ಎರಡು ಬಾರಿಸಿ ಕರೆತರುತ್ತೇನೆ ಅಂದುಕೊಂಡೆ. ರೈಲು ಹಳಿ ನೆನಪಾಯಿತು. ಬಾವಿ ನೆನಪಾಯಿತು. ಕಡಲ ಬದಿಯವರಿಗೆ ನೀರಿನ ಭಯ ಕಡಿಮೆ ಅಂತ ಘಟ್ಟದ ಮೇಲಿನವರು ತಿಳಿದಿದ್ದಾರೆ. ಎಷ್ಟು ಹೆಣ ಎಳೆದದ್ದನ್ನು ನೋಡಿದ್ದೇವೆ ಅಂತ ಅವರಿಗೆ ಗೊತ್ತಿಲ್ಲ.

ಬೈಂದೂರು ಕಡೆಯ ಬಸ್ಸಿನ ಕಂಡಕ್ಟರ್ ಕುಷ್ಟ ನಮ್ಮ ಪಕ್ಕದ ಊರಿನವನು. ಬಾಗಿಲಲ್ಲಿ ನಿಂತು ಜನ ಕರೆಯುತ್ತಿದ್ದ.

“ಹ್ವಾಯ್ ಪದ್ದಕ್ಕ, ಎಂತ ಓಡ್ಕಂಡ್ ಬತ್ರಿ?”

“ಧನ್ಯನ್ನ ಕಂಡಿದ್ಯಾ?”

“ಬೆಳಿಗ್ಗೆ ನನ್ ಬಸ್ಸಂಗೇ ಬಂದದ್ದ್. ಹೆಮ್ಮಾಡಿಯಂಗೆ ಇಳಿತ್ತ್.”

“ಹೆಮ್ಮಾಡಿಯಂಗಾ? ಕಾಲೇಜ್ ಕುಂದಾಪ್ರದಂಗಲ್ದಾ?”

“ದಿನಾ ಅಲ್ಲೇ ಇಳಿತ್ತಲೆ. ಅಲ್ಲೆಲ್ಲೋ ಕೆಲ್ಸಕ್ಕ್ ಹೋತ್ತ್ ಅಂದ್ಕಂಡೆ. ಕೇಂಬುಕೆ ನಾ ಯಾರ್?” ಅವನ ದನಿ ಸಣ್ಣದಾಯಿತು. “ಎಂತ ಆಯ್ತ್ ಅಕ್ಕ?”

ಎಂತ ಆಯಿತು ಅಂತ ಗೊತ್ತಿದ್ದರೆ ಹೇಳುತ್ತಿದ್ದೆ. ಬಸ್ಸಿನಲ್ಲಿ ರತ್ನ ನನ್ನ ಕೈ ಹಿಡಿದುಕೊಂಡಿದ್ದಳು. ಅವಳ ಉಗುರು ನನ್ನ ಕೈಗೆ ನಾಟಿದ್ದು ಇಳಿದ ಮೇಲೆಯೇ ನನಗೆ ತಿಳಿದದ್ದು. ದಾರಿಯುದ್ದಕ್ಕೂ ಅವಳು ಒಂದೇ ಮಾತು ಹೇಳುತ್ತಿದ್ದಳು. “ನಾ ಒಂದ್ ದಿನವೂ ಕೇಣಲಿಲ್ಲೆ ಪದ್ದು. ಒಂದ್ ದಿನವೂ.”

ಕುಂದಾಪುರಕ್ಕಿಂತ ಮೊದಲೇ ಸಿಗುವ ಹೆಮ್ಮಾಡಿಯಲ್ಲಿ ಇಳಿದು ಎಳನೀರು ಮಾರುವ ಚಂದಯ್ಯನನ್ನು ಕೇಳಿದೆವು. ಹಳದಿ ಚೂಡಿದಾರದ ಹುಡುಗಿ ಹೊಳೆಯ ಕಡೆ ನಡೆದುಹೋಯಿತು, ದಿನಾ ಹೋಗುತ್ತದೆ ಅಂತ ಅವನು ಕೈ ತೋರಿಸಿದ. ಹೊಳೆ ಅಂದದ್ದೇ ರತ್ನ ಚಪ್ಪಲಿ ಕೈಗೆ ತೆಗೆದುಕೊಂಡು ಓಡಿದಳು. ನಾನು ಹಿಂದಿನಿಂದ ಓಡಿದೆ. ಮಳೆ ಬಂದು ನಿಂತ ದಾರಿ, ಕೆಸರು, ಎರಡೂ ಬದಿಗೆ ತೆಂಗಿನ ತೋಟ, ಒಂದು ನರಪಿಳ್ಳೆ ಇಲ್ಲ.

ದಾರಿ ಮುಗಿಯುವಲ್ಲಿ ಕೆಂಪು ಕಲ್ಲಿನ ಮೆಟ್ಟಿಲು, ಕೆಳಗೆ ತುಂಬಿದ ಹೊಳೆ. ಕೊನೆಯ ಮೆಟ್ಟಿಲಿನ ಮೇಲೆ ಧನ್ಯಳ ಚಪ್ಪಲಿ ಇತ್ತು. ಜೋಡಿಯಾಗಿ, ನೀಟಾಗಿ ಇಟ್ಟದ್ದು. ಪಕ್ಕದಲ್ಲಿ ಯಾರೂ ಇಲ್ಲ.

ರತ್ನ ಕೂಗಲಿಲ್ಲ. ಆ ಚಪ್ಪಲಿಯ ಪಕ್ಕ ಕುಸಿದು ಕುಳಿತಳು. ನಾನು ನೀರನ್ನೇ ನೋಡುತ್ತಿದ್ದೆ. ಹಳದಿ ಬಣ್ಣ ಎಲ್ಲಾದರೂ ಕಾಣುತ್ತದೋ ಅಂತ ಹುಡುಕುತ್ತಿದ್ದೆ, ಕಾಣದಿರಲಿ ಅಂತ ಬೇಡುತ್ತಲೂ ಇದ್ದೆ. ಇಷ್ಟು ಹೆದರಿಕೆ ನನಗೆ ಈ ಜನ್ಮದಲ್ಲಿ ಆಗಿರಲಿಲ್ಲ. ಮನೆಗೆ ಹೋಗಿ ಅಮ್ಮನಿಗೆ ಏನು ಹೇಳಲಿ, ಅಣ್ಣ ಕಡಲಿಂದ ಬಂದರೆ ಏನು ಹೇಳಲಿ ಅಂತ ಆಗಲೇ ಮಾತು ಹೊಂದಿಸಲು ಶುರುಮಾಡಿತ್ತು ನನ್ನ ಹಾಳು ತಲೆ.

ಆಗ ಎಡಗಡೆ ಎಲ್ಲೋ ಪುಟ ಮಗುಚಿದ ಸಪ್ಪಳ ಕೇಳಿಸಿತು.

ಮೆಟ್ಟಿಲಿನಿಂದ ಆಚೆ, ದಡದ ಮೇಲೆ ಎಳೆದು ಹಾಕಿದ್ದ ಹಳೆಯ ದೋಣಿಗೆ ಹೆಣೆದ ತೆಂಗಿನ ಗರಿಯ ಮಡಲು ಮುಚ್ಚಿದ್ದರು. ಆ ಮಡಲಿನ ಅಡಿಯಲ್ಲಿ ಹಳದಿ ದುಪಟ್ಟಾ ಕಂಡಿತು. ಧನ್ಯ ದೋಣಿಯ ಅಡ್ಡಹಲಗೆಯ ಮೇಲೆ ಕುಳಿತಿದ್ದಳು. ಬರಿಗಾಲು. ತೊಡೆಯ ಮೇಲೆ ಕಾಲೇಜಿನ ಪುಸ್ತಕ, ಅದರ ಮೇಲೆ ಡಿಕ್ಷನರಿ.

ಚಪ್ಪಲಿ ಹಾಕಿ ದೋಣಿ ಹತ್ತಬಾರದು ಅಂತ ಅವಳಿಗೆ ನಡೆಯಲು ಕಲಿಸುವಾಗಲೇ ಕಲಿಸಿದವಳು ರತ್ನ. ದಡದಲ್ಲಿ ಚಪ್ಪಲಿ ಇದ್ದರೆ ದೋಣಿಯಲ್ಲಿ ಜನ ಇದ್ದಾರೆ ಅಂತ ನಮ್ಮ ಕೇರಿಯ ಯಾವ ಮಗುವಾದರೂ ಹೇಳುತ್ತದೆ. ಆ ಹೊತ್ತಿಗೆ ನಮ್ಮಿಬ್ಬರಿಗೂ ಅದು ಹೊಳೆಯಲಿಲ್ಲ.

ರತ್ನ ಹೋಗಿ ಅವಳ ಕೆನ್ನೆಗೆ ಹೊಡೆದಳು. ಆಮೇಲೆ ಅದೇ ಕೈಯಲ್ಲಿ ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. ಧನ್ಯ ಬಹಳ ಹೊತ್ತು ಅತ್ತಳು. ಅಳುತ್ತಲೇ ಹೇಳಿದಳು.

“ಕ್ಲಾಸಂಗೆ ಎಲ್ಲಾ ಇಂಗ್ಲಿಷ್ ಅಮ್ಮ. ಅವ್ರ್ ಎಂತ ಹೇಳ್ತ್ರ್ ಅಂದೇಳಿ ಒಂದೂ ತಿಳಿತಿಲ್ಲೆ. ಎಲ್ಲರೂ ಬರಿತ್ರ್, ನಾನ್ ಸುಮ್ನೆ ಕೂಕಂಡಿಪ್ಪುದ್. ಒಂದಿನ ಎಬ್ಸಿ ನಿಲ್ಸಿ ಪ್ರಶ್ನೆ ಕೇಂಡ್ರ್. ಪ್ರಶ್ನೆ ಎಂತದ್ ಅಂದೇ ಗೊತ್ತಾಯ್ಲಿಲ್ಲೆ. ಮರುದಿನ ಬಸ್ಸಂಗೆ ಕುಂದಾಪ್ರ ಹತ್ರ ಬಪ್ಪತಿಗೆ ಎದಿ ಹೊಡ್ಕಂಬುಕ್ ಶುರುವಾಯ್ತ್. ಇಲ್ಲೇ ಇಳ್ದೆ.”

“ಇಲ್ಲಿ ಎಂತ ಮಾಡ್ತಿದ್ದೆ?” ನಾನು ಕೇಳಿದೆ.

“ಓದ್ತಿದ್ದೆ ಪದ್ದತ್ತೆ. ಅವ್ರ್ ಎಲ್ಲಿಗ್ ಮುಟ್ಟಿರೊ ಅಲ್ಲಿಗ್ ನಾನೂ ಮುಟ್ಟಿರ್ ಮೇಲೆ ಕ್ಲಾಸಿಗ್ ಹೋಪ ಅಂದೇಳಿ.”

ಪುಸ್ತಕ ನೋಡಿದೆ. ಮೊದಲ ಪಾಠದ ಪ್ರತಿ ಸಾಲಿನ ಮೇಲೂ ಪೆನ್ಸಿಲಿನಲ್ಲಿ ಕನ್ನಡ ಅರ್ಥ ಬರೆದಿದ್ದಳು. ಒಂದು ತಿಂಗಳಲ್ಲಿ ಅವಳು ಮೂರನೇ ಪಾಠಕ್ಕೆ ಬಂದಿದ್ದಳು. ನನ್ನ ಸಿಟ್ಟು ಇಳಿಯಿತು.

“ನಮ್ಗ್ ಹೇಳುಕ್ ಎಂತ ಆಯ್ತ್ ನಿಂಗೆ?” ರತ್ನ ಕೇಳಿದಳು.

“ಎಲ್ಲರೂ ಮೊದ್ಲನೇ ಹುಡ್ಗಿ, ಮೊದ್ಲನೇ ಹುಡ್ಗಿ ಅಂದ್ರ್. ನಾ ಹೇಳಿರೆ ಮಾಷ್ಟ್ರ ಸನ್ಮಾನ ಹೋತ್ತ್. ಶೆಡ್ಡಿಗ್ ಬಪ್ಪು ಮಕ್ಕಳನ್ನೂ ಮನೆಯಂಗೆ ಬಿಡ್ಸಿ ಹಾಕ್ತ್ರ್. ಇವತ್ತ್ ಸಭೆಗ್ ಹೋಪ ಅಂದೇಳಿಯೇ ಹೊರ್ಟದ್ದ್, ಸ್ಟೇಜಿಗ್ ಹತ್ತುಕ್ ಧೈರ್ಯ ಬರ್ಲಿಲ್ಲೆ.” ಅವಳು ಮೂಗು ಒರೆಸಿಕೊಂಡಳು. “ಸುಳ್ಳ್ ಹೇಳುಕೂ ಇರ್ಲಿಲ್ಲೆ ಅಮ್ಮ. ಯಾರೂ ಕೇಣಲೇ ಇಲ್ಲೆ.”

ಸಂಜೆ ಮಾಷ್ಟ್ರು ಸಭೆಯಿಂದ ನೇರ ನಮ್ಮ ಮನೆಗೆ ಬಂದರು. ನಾವು ಮನೆಗೆ ಮರಳಿದ್ದು ಕುಷ್ಟನ ಬಸ್ಸಿನಲ್ಲೇ, ಧನ್ಯ ಸಿಕ್ಕಿದ್ದನ್ನು ಅವನೇ ಫೋನು ಮಾಡಿ ಅವರಿಗೆ ತಿಳಿಸಿದ್ದ. ಕೈಯಲ್ಲಿ ಸ್ಮರಣಿಕೆ, ಹಣ್ಣಿನ ಬುಟ್ಟಿ. ಅವನ್ನು ಜಗಲಿಯ ಮೂಲೆಯಲ್ಲಿಟ್ಟು ನೆಲದ ಮೇಲೆ ಕುಳಿತರು. ಹುಡುಗಿಗೆ ಹುಷಾರಿಲ್ಲ ಅಂತ ವೇದಿಕೆಯಲ್ಲಿ ಸುಳ್ಳು ಹೇಳಿದ್ದನ್ನು ಅವರೇ ಹೇಳಿದರು. ಹೆದರಿ ಕದದ ಹಿಂದೆ ನಿಂತಿದ್ದ ಧನ್ಯಳನ್ನು ಕರೆದು ಪುಸ್ತಕ ತರಿಸಿ ಪೆನ್ಸಿಲಿನ ಅಕ್ಷರಗಳನ್ನು ಬಹಳ ಹೊತ್ತು ನೋಡಿದರು.

“ಗೇಟ್ ತನಕ ತಂದ್ ಬಿಟ್ಟೆ, ಒಳಗ್ ಹೋದ್ಮೇಲೆ ಎಂತ ಆಯ್ತ್ ಅಂದೇಳಿ ಒಂದ್ ಸರ್ತಿ ಕೇಣಲಿಲ್ಲೆ,” ಅಂದರು. “ನಿಮ್ಗಾರೆ ಕೇಂಬುಕಾಗ ಅಂಬು ಶಾಸ್ತ್ರ ಇತ್ತ್ ರತ್ನ. ನಂಗೆ ಎಂತ ಇತ್ತ್?”

ಇನ್ನು ಮೇಲೆ ಸಂಜೆ ಅವಳೂ ಶೆಡ್ಡಿಗೆ ಬರಲಿ, ಬಿ.ಕಾಂ. ಪುಸ್ತಕವನ್ನು ಸೇರಿ ಓದೋಣ ಅಂತ ಹೇಳಿ ಅವರು ಎದ್ದರು. ಹೋಗುವಾಗ ಸ್ಮರಣಿಕೆಯನ್ನು ಮರೆತರೋ, ಬೇಕೆಂದೇ ಬಿಟ್ಟರೋ ಗೊತ್ತಿಲ್ಲ.

ಮರುದಿನ ಮಂಜಣ್ಣ ನಸುಕಿಗೇ ದೋಣಿಗೆ ಹೋಗಿದ್ದ. ಧನ್ಯ ಜಡೆ ಕಟ್ಟಿ, ಚೀಲ ಹೆಗಲಿಗೆ ಹಾಕಿಕೊಂಡು ಅಂಗಳಕ್ಕೆ ಇಳಿದಳು. “ಬತ್ತೆ,” ಅಂದಳು.

ರತ್ನ ಒಲೆಯ ಮುಂದಿನಿಂದ ಎದ್ದು ಬಂದಳು. ಬಾಗಿಲ ದಾರಂದ ಹಿಡಿದು ನಿಂತಳು. ಗಂಡ ಕಡಲಿನ ಮೇಲಿದ್ದಾನೆ, ಮಗಳು ಅಂಗಳದಲ್ಲಿದ್ದಾಳೆ.

“ಎಲ್ಲಿಗ್ ಹೋಪ್ದ್ ಮಗಾ?”

ಜಗಲಿಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಅಮ್ಮನ ಕೈ ನಿಂತಿತು. ಬೈಯುತ್ತಾಳೆ ಅಂದುಕೊಂಡೆ. ಅಮ್ಮ ಬೈಯಲಿಲ್ಲ. ಚಾಪೆಯ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ಧನ್ಯ ಮರಳಿ ಬಂದು ಅಲ್ಲಿ ಕುಳಿತಳು. ರತ್ನ ಒಂದು ಲೋಟ ನೀರು ತಂದಳು.

“ಕಾಲೇಜಿಗೆ,” ಅಂದಳು ಧನ್ಯ.

“ಹೆದ್ರಿಕಿ ಆತ್ತಾ?” ರತ್ನ ಕೇಳಿದಳು.

“ಆತ್ತ್.”

“ನಂಗೂ ಆತ್ತ್. ಕುಡಿ.”

ಧನ್ಯ ನೀರು ಕುಡಿದು, ಲೋಟ ರತ್ನಳ ಕೈಗೆ ಕೊಟ್ಟು, ಹೊಸದಾಗಿ ಹೊರಟಳು.