ಬೆರಳು ಕೂಡಿದ ಓದು

ಅತ್ತಿಗೆಯ ಮಾತಿನಲ್ಲಿ ತಪ್ಪು ಹುಡುಕಲು ಆಗುತ್ತಿರಲಿಲ್ಲ. ಅವರ ಮೇಲೆ ಅವಳಿಗಿದ್ದ ಮೊದಲ ಸಿಟ್ಟೇ ಅದು. ಗಂಡನ ಅಕ್ಕ, ಒಂದನೇ ತರಗತಿಯ ಟೀಚರು, ಅಕ್ಷರ ಕಲಿಸಿ ಕಲಿಸಿ ಮಾತನ್ನೂ ಬಿಡಿಸಿ ಬಿಡಿಸಿ ಆಡುವ ಹೆಂಗಸು. ಆಕೆ ಹೇಳಿದ್ದು ಇಷ್ಟೇ: ನಿನ್ನ ಮಗಳು ಚೂಟಿಗೆ ಐದು ತುಂಬಿತು, ಇನ್ನೂ ಎರಡಕ್ಷರ ಕೂಡಿಸಲು ಬರುವುದಿಲ್ಲ, ನಿನ್ನ ಸ್ಟುಡಿಯೋ ಕೆಲಸಕ್ಕೋ ಹೊತ್ತುಗೊತ್ತಿಲ್ಲ, ಶಾಲೆ ಶುರುವಾಗುವಷ್ಟರಲ್ಲಿ ಓದು ಹತ್ತದಿದ್ದರೆ ಸಂಜೆ ಹೊತ್ತು ಮಗು ನನ್ನ ಮನೆಯಲ್ಲಿರಲಿ. ಅಕ್ಕ ಹೇಳುವುದೂ ಸರಿಯೇ ಎಂದ ಗಂಡ. ಅವನದು ಕನ್ನಡಕದ ಅಂಗಡಿ. ಯಾವ ಗಾಜು ಹಾಕಿ ನೋಡಿದರೂ ಅವನಿಗೆ ಅಕ್ಕನೇ ಸ್ಪಷ್ಟವಾಗಿ ಕಾಣುತ್ತಿದ್ದಳು.

ಮಗಳು ಅವಳ ಕೈಗೆ ಸಿಗುತ್ತಿದ್ದುದೇ ಸಂಜೆ. ಹಗಲೆಲ್ಲ ಅವಳು ಬೇರೆಯವರ ಬಾಯಿಗೆ ಮಾತು ತುಂಬುವವಳು, ಡಬ್ಬಿಂಗ್ ಕಲಾವಿದೆ. ಪರದೆಯ ಮೇಲೆ ಯಾವಳೋ ನಾಯಕಿ ತುಟಿ ಬಿಚ್ಚಿದರೆ ಇವಳು ಕತ್ತಲೆಯಲ್ಲಿ ನಿಂತು ಅಳಬೇಕು. ಆ ತುಟಿ ಮುಚ್ಚಿದಾಗ ಅಳುವೂ ಮುಗಿಯಬೇಕು. ಆ ಸಂಜೆಗಳನ್ನೂ ಕೊಟ್ಟುಬಿಟ್ಟರೆ ತನಗೇನು ಉಳಿಯಿತು? ನಾನೇ ಕಲಿಸುತ್ತೇನೆ ಎಂದಳು.

ಕಲಿಸುವ ದಾರಿಯನ್ನೂ ಅತ್ತಿಗೆ ಕೇಳದೆಯೇ ಹೇಳಿಕೊಟ್ಟರು. ಅಕ್ಷರ ತೋರಿಸು, ದನಿ ಹೇಳಿಸು. ದನಿಗೆ ದನಿ ಸೇರಿಸಿ ಮಾತು ಮಾಡುವ ಕೆಲಸ ಮಗುವಿನದು, ನೀನು ಮಾತ್ರ ಮಧ್ಯೆ ಬಾಯಿ ಹಾಕಬೇಡ. ಬಾಯಿ ಹಾಕಿಯೇ ಹೊಟ್ಟೆ ಹೊರೆಯುವವಳಿಗೆ ಹೇಳಿದ ಬುದ್ಧಿ ಇದು. ಅವಳು ರಟ್ಟು ಕತ್ತರಿಸಿ ಅಕ್ಷರ ಬರೆದು ನೆಲದ ಮೇಲೆ ಹರಡಿದಳು. ಚೂಟಿ 'ಮ' ಅಂದಳು, 'ರ' ಅಂದಳು, ಎರಡನ್ನೂ ಕೂಡಿಸು ಎಂದರೆ ಕಿಟಕಿ ನೋಡಿದಳು. ಇಡೀ ದಿನ ಅತ್ತು ಗಂಟಲು ಕಟ್ಟಿಸಿಕೊಂಡವಳಿಗೆ ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಮಗು ಬಾಯಿ ತೆರೆಯುವ ಮೊದಲೇ "ಮರ" ಎಂದುಬಿಡುತ್ತಿದ್ದಳು. ಕೊನೆಗೆ ರಟ್ಟುಗಳನ್ನೆಲ್ಲ ಡಬ್ಬಿಗೆ ಸುರಿದು, ಆನೆಯ ಕತೆಯ ಪುಸ್ತಕವೊಂದನ್ನು ಮನೆಯಲ್ಲಿದ್ದ ಹಳೆಯ ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿಟ್ಟಳು. ತಾನಿಲ್ಲದಾಗ ಮಗು ಪುಸ್ತಕ ಹಿಡಿದು ಕೇಳಲಿ, ಕೇಳುತ್ತ ಕೇಳುತ್ತ ಅಕ್ಷರ ತಾನಾಗಿ ಹತ್ತಲಿ.

ಹತ್ತಿತು. ಒಂದು ಸಂಜೆ ಚೂಟಿ ಆ ಪುಸ್ತಕ ಬಿಚ್ಚಿ ಮೊದಲಿನಿಂದ ಕೊನೆಯವರೆಗೆ ಎಲ್ಲೂ ಎಡವದೆ ಓದಿದಳು. ಗಂಡ ನಿಂತ ಕಾಲಲ್ಲೇ ಅಕ್ಕನಿಗೆ ಫೋನ್ ಮಾಡಿದ. ಸಂತೋಷ, ಎಂದರು ಅಕ್ಕ. ಒಂದನೇ ತರಗತಿಯ ಪುಸ್ತಕ ಕಳಿಸುತ್ತೇನೆ, ಮುಂದಿನ ಭಾನುವಾರ ಬಂದು ಅದರ ಮೊದಲ ಪಾಠಗಳಲ್ಲಿ ಯಾವುದನ್ನಾದರೂ ಓದಿಸುತ್ತೇನೆ. ಅವಳು ಹಿಗ್ಗಿಹೋದಳು. ಇನ್ನೊಮ್ಮೆ ಓದು ಪುಟ್ಟಾ ಎಂದು ಮಗಳ ಪಕ್ಕ ಕುಳಿತಳು. ಆನೆ ಹೊಳೆಗೆ ಇಳಿಯಿತು, ಎಂದು ಓದಿ ಚೂಟಿ ಸಣ್ಣಗೆ ಕೆಮ್ಮಿದಳು. ಆಮೇಲೆ ಆನೆ ಆಚೆ ದಡ ಸೇರಿತು.

ಕೆಮ್ಮಿನ ಗುರುತು ಅವಳಿಗೆ ಸಿಕ್ಕಿತು. ಅದು ತನ್ನದೇ. ಓದಿಟ್ಟ ದಿನ ನೆಗಡಿಯಿತ್ತು. ಮನೆಯ ಕೆಲಸ ತಾನೇ ಎಂದು ಮತ್ತೆ ಓದುವ ಗೋಜಿಗೆ ಹೋಗಿರಲಿಲ್ಲ. ಪುಟದ ನಡುವಿನ ಒಂದು ಮಾತಿನ ಮೇಲೆ ಬೆರಳಿಟ್ಟು ಇದೇನು ಎಂದು ಕೇಳಿದಳು. ಚೂಟಿ ಕತೆಯನ್ನು ಮೊದಲಿನಿಂದ ಶುರುಮಾಡಿದಳು.

ಆಗಲೇ ಅತ್ತಿಗೆಗೆ ನಿಜ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಫೋನನ್ನೂ ಎತ್ತಿಕೊಂಡಳು. ಆದರೆ ಅತ್ತಿಗೆ ಹಂಗಿಸುವವರಲ್ಲ, ಪರವಾಗಿಲ್ಲ ಬಿಡು, ನೀನೊಬ್ಬಳೇ ಎಷ್ಟೂಂತ ಮಾಡ್ತೀಯ ಅನ್ನುವವರು. ಆ ದನಿ ಏರಿಳಿತ ಸಮೇತ ಕಿವಿಗೆ ಬಂತು. ಫೋನ್ ಕೆಳಗಿಟ್ಟಳು.

ಮುಂದಿನದು ಅವಳಿಗೆ ನೀರು ಕುಡಿದಷ್ಟು ಸುಲಭದ ಕೆಲಸ. ಪಠ್ಯಪುಸ್ತಕದ ಪಾಠಗಳನ್ನು ಓದಿಟ್ಟಳು, ಈ ಸಲ ಕೆಮ್ಮದೆ. ಚಿತ್ರ ಕಂಡ ಕೂಡಲೇ ಪಾಠ ಬಾಯಿಗೆ ಬರಬೇಕು. ಬೆರಳು ಯಾವ ಮಾತಿನ ಕೆಳಗಿದೆಯೋ ಬಾಯಲ್ಲೂ ಅದೇ ಇರಬೇಕು. ಬೆರಳು ಓಡಿತು ಎಂದು ಒಂದು ಟೇಕ್, ಬಾಯಿ ಓಡಿತು ಎಂದು ಇನ್ನೊಂದು. ಚೂಟಿಗೆ ಇದು ರಟ್ಟಿನ ಅಕ್ಷರಕ್ಕಿಂತ ಒಳ್ಳೆಯ ಆಟ. ಬೇಸರವೇ ಇಲ್ಲದೆ ಆಡಿದಳು. ಎಲ್ಲ ಸರಾಗವಾದ ಮೇಲೆ ತಾಯಿಗೆ ದಿಗಿಲಾಯಿತು. ಇಷ್ಟು ನುಣ್ಣಗೆ ಓದಿದರೆ ಅತ್ತಿಗೆಯ ಕಿವಿ ನೆಟ್ಟಗಾಗದೆ ಇರುತ್ತದೆಯೇ? ಪ್ರತಿ ಪಾಠದಲ್ಲೂ ಒಂದು ದೊಡ್ಡ ಮಾತು ಆರಿಸಿ ತೋರಿಸಿದಳು.

"ಇಲ್ಲಿ ತಡವರಿಸು. ಅರ್ಧ ಹೇಳಿ ನಿಲ್ಲು, ಹಣೆ ಗಂಟು ಹಾಕ್ಕೋ, ಆಮೇಲೆ ಪೂರ್ತಿ ಹೇಳು."

"ಬರುತ್ತಲ್ಲಮ್ಮಾ, ಯಾಕೆ ನಿಲ್ಲಬೇಕು?"

"ಓದೋರು ಹಾಗೇ ನಿಲ್ಲೋದು."

ಭಾನುವಾರ ಅತ್ತಿಗೆ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ತಮಗೆ ಬೇಕಾದ ಪಾಠ ತೆಗೆದರು. ಬೆರಳು ಓಡಲಿಲ್ಲ, ಬಾಯಿ ಓಡಲಿಲ್ಲ. ದೊಡ್ಡ ಮಾತಿನ ಹತ್ತಿರ ಚೂಟಿ ಅರ್ಧಕ್ಕೆ ನಿಂತಳು, ಹಣೆ ಗಂಟಾಯಿತು, ಪೂರ್ತಿ ಹೇಳಿದಳು. ಅತ್ತಿಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ನೋಡಿದ್ಯೇನೋ, ಅಲ್ಲಿ ನಿಂತು ಕೂಡಿಸಿದ್ಳು. ಬಾಯಿಪಾಠದ ಮಕ್ಕಳು ಹಾಗೆ ನಿಲ್ಲಲ್ಲ" ಎಂದರು ತಮ್ಮನಿಗೆ. ಅವಳ ಕಡೆ ತಿರುಗಿದರು. "ನಿನ್ನ ಬಗ್ಗೆ ತಪ್ಪು ತಿಳ್ಕೊಂಡಿದ್ದೆ ಕಣೇ."

ಅವಳು ನಕ್ಕಳು. ನಾಚಿದ ಸೊಸೆಯ ನಗು. ಸ್ಟುಡಿಯೋದಲ್ಲಾದರೆ ಒಂದೇ ಟೇಕಿಗೆ ಓಕೆ ಆಗುವಂಥದ್ದು. ಚೂಟಿಯನ್ನು ನನ್ನ ತರಗತಿಯಲ್ಲಿ ಓದು ಬಲ್ಲ ಮಕ್ಕಳ ಸಾಲಿನಲ್ಲಿ ಕೂರಿಸುತ್ತೇನೆ, ಅಕ್ಷರ ತಿದ್ದುವ ಗುಂಪಿನಲ್ಲಿ ಸುಮ್ಮನೆ ಕಾಲ ಕಳೆಯುವುದು ಬೇಡ ಎಂದು ಹೇಳಿ, ಮೆಚ್ಚುಗೆಗೊಂದು ದಪ್ಪ ಕತೆಪುಸ್ತಕ ಕೊಟ್ಟು ಅತ್ತಿಗೆ ಹೊರಟರು. ಸಂಜೆ ಮಗುವನ್ನು ಅವರ ಮನೆಗೆ ಕಳಿಸುವ ಸುದ್ದಿ ಯಾರೂ ಎತ್ತಲಿಲ್ಲ.

ಮರುದಿನ ಸಂಜೆ ಅವಳು ಡಬ್ಬಿಯಿಂದ ರಟ್ಟುಗಳನ್ನು ತೆಗೆದಳು. ಶಾಲೆ ಶುರುವಾಗಲು ಇನ್ನೂ ದಿನಗಳಿವೆ, ಈಗಲಾದರೂ ಬಾಯಿ ಮುಚ್ಚಿಕೊಂಡು ಕಾಯುತ್ತೇನೆ ಎಂದು ನಿಜಕ್ಕೂ ಗಟ್ಟಿಮನಸ್ಸು ಮಾಡಿದ್ದಳು. ಚೂಟಿ ರಟ್ಟುಗಳನ್ನು ಕಾಲಿಂದ ಪಕ್ಕಕ್ಕೆ ಸರಿಸಿದಳು.

"ಇದೆಲ್ಲ ಓದಕ್ಕೆ ಬರದೇ ಇರೋರಿಗೆ."

"ನಿಂಗೂ ಬರಲ್ಲ ಪುಟ್ಟಾ. ಅದು ನಾವು ಆಡಿದ ಆಟ."

ಮಗಳು ತಾಯಿಯನ್ನೇ ನೋಡಿದಳು. ಮೋಸ ಹೋದವರ ನೋಟವಲ್ಲ. ಹೊಟ್ಟೆಕಿಚ್ಚಿನವರನ್ನು ದೊಡ್ಡವರು ನೋಡುತ್ತಾರಲ್ಲ, ಹಾಗೆ.

"ಬರುತ್ತೆ ಅಂತ ಅತ್ತೇನೇ ಹೇಳಿದ್ರು. ಅವರು ಟೀಚರು."

ಒಳಗೆ ಗಂಡ ಯಾರಿಗೋ ಫೋನಿನಲ್ಲಿ ಮಗಳ ಓದಿನ ಬಗ್ಗೆಯೇ ಹೇಳುತ್ತಿದ್ದ. ಚೂಟಿ ದಪ್ಪ ಪುಸ್ತಕ ತಂದು ಅವಳ ತೊಡೆಯ ಮೇಲೆ ಬಿಚ್ಚಿ, ಮೊದಲ ಸಾಲಿನ ಕೆಳಗೆ ಬೆರಳಿಟ್ಟು ಕಾದಳು.

"ಮೊದ್ಲು ನೀನು ಹೇಳು. ಆಮೇಲೆ ನಾನು ಓದ್ತೀನಿ."

ತಾಯಿ ಹೇಳಿದಳು. ಮಗಳು ಓದಿದಳು.