ಸ್ವೆಟರಿನ ಗುಂಡಿ

ಪಕ್ಕದ ಮನೆಯ ಏಳು ವರ್ಷದ ರಹ್ಮಾ ಮೆಟ್ಟಿಲನ್ನು ಕೂತೇ ಇಳಿಯುತ್ತಿದ್ದಳು, ಒಂದೊಂದಾಗಿ. ಉಪ್ಪಿಟ್ಟಿನ ಡಬ್ಬಿ ಹಿಡಿದು ಬಂದ ಕೃಷ್ಣವೇಣಿ ಬಾಗಿಲಲ್ಲೇ ನಿಂತುಬಿಟ್ಟರು. ಅವರೂ ಹೀಗೇ ಇಳಿದಿದ್ದರು, ಲಂಡನ್ನಿನ ಹ್ಯಾರೋದಲ್ಲಿರುವ ಮಗನ ಮನೆಗೆ ಬರುವ ಮೊದಲು. ಆ ೨೦೦೬ರ ಬೇಸಿಗೆಯಲ್ಲಿ ಧಾರವಾಡದ ಅವರ ಓಣಿಗೆ ಓಣಿಯೇ ಚಿಕುನ್‌ಗುನ್ಯಾದಲ್ಲಿ ಮಲಗಿತ್ತು.

ರಹ್ಮಾ ಕೀನ್ಯಾದ ಮೊಂಬಾಸಾದಲ್ಲಿನ ಅಜ್ಜಿಮನೆಯಿಂದ ಜ್ವರ ಹೊತ್ತೇ ಬಂದಿದ್ದಳು. ಅಲ್ಲಿ ಮೈ ಬಿಸಿಯಾದರೆ ಮಲೇರಿಯಾ ಎಂದೇ ಲೆಕ್ಕ. ರಕ್ತ ನೋಡದೆ ಮಾತ್ರೆ ಕೊಟ್ಟಿದ್ದರು. ಇಲ್ಲಿಗೆ ಬಂದ ಮೇಲೆ ತಾಯಿ ಜೈನಬು, ಸೂಟ್‌ಕೇಸಿನಲ್ಲಿ ತಂದ ಅದೇ ಮಾತ್ರೆಯ ಇನ್ನೊಂದು ಪಟ್ಟಿ ಕೊಟ್ಟು ಮುಗಿಸಿದ್ದಳು. ಈಗ ಮೂರನೆಯದನ್ನು ಬಿಡಿಸುತ್ತಿದ್ದಳು.

ಕೃಷ್ಣವೇಣಿಗೆ ಇಂಗ್ಲಿಷ್ ಬಾರದು. ಮೊಮ್ಮಗಳು ಮಾಳವಿಕಾಳನ್ನು ಕೂಗಿದರು.

"ಕೇಳವ್ವಾ, ನೋವು ಮುಂಜಾನೆ ಹೆಚ್ಚೋ, ಸಂಜೀಕೋ?"

"ಮಾರ್ನಿಂಗ್, ಅಜ್ಜಿ. ಸ್ಪೂನ್ ಹಿಡ್ಯಾಕೂ ಆಗೂದಿಲ್ಲಂತ."

"ನನಗೂ ಹಿಂಗ ಆಗಿತ್ತು. ಹಂಗಾರ ಆ ಗುಳಿಗಿ ಕೊಡಬ್ಯಾಡ ಅನ್ನು."

ಜೈನಬು ಮುಖ ಬಿಗಿದಳು. ಮಲೇರಿಯಾಕ್ಕೆ ತಮ್ಮನನ್ನು ಕೊಟ್ಟವಳು ಅವಳು. ಕೊಡಬೇಡ ಎನ್ನಲು ಈ ಮುದುಕಿ ಯಾರು?

ಕೃಷ್ಣವೇಣಿ ಮನೆಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದು ಮೇಜಿನ ಮೇಲೆ ತೆರೆದರು. ಡಬ್ಬಿಯ ತುಂಬ ಊರಿಂದ ತಂದ ಮಾತ್ರೆಗಳು.

"ಮಗ ಡಾಕ್ಟರ್ ಇದ್ರೂ ನಾ ಇದನ್ನ ಹೊತ್ತು ತಂದೀನಿ. ಅವ ನಗತಾನ. ನಾನೂ ಮಲೇರಿಯಾ ಅಂತ ಎರಡು ಸಲ ನುಂಗೀನಿ, ತಂಗಿ. ನಿನ್ನ ಮಗಳಿಗೆ ಅದಲ್ಲ ಅಂತ ನಾ ಹೇಳೂದಿಲ್ಲ. ರಕ್ತ ಹೇಳಲಿ."

ಮಾಳವಿಕಾ ಹೇಳಿ ಮುಗಿಸಿದಾಗ ಜೈನಬು ಆ ಡಬ್ಬಿ ನೋಡಿದಳು. ತನ್ನದೇ ಸೂಟ್‌ಕೇಸನ್ನು ಕಂಡಂತಾಗಿ ನಕ್ಕುಬಿಟ್ಟಳು. ಕಣ್ಣಲ್ಲಿ ನೀರೂ ಬಂತು. ಪಟ್ಟಿ ಕೆಳಗಿಟ್ಟಳು.

ಕೃಷ್ಣವೇಣಿಯ ಮಗ ವಿಶ್ವನಾಥ ಅಂದೇ ತಾಯಿ ಮಗಳನ್ನು ಆಸ್ಪತ್ರೆಗೆ ಕರೆದೊಯ್ದ. ಮೂರು ಸಲ ರಕ್ತ ನೋಡಿದರು, ಮಲೇರಿಯಾ ಇರಲಿಲ್ಲ. ಬೇರೆಡೆಗೆ ಕಳಿಸಿದ ರಕ್ತ ಎರಡು ವಾರಕ್ಕೆ ಉತ್ತರ ತಂದಿತು: ಚಿಕುನ್‌ಗುನ್ಯಾ.

"ಇದಕ್ಕೆ ಯಾವ ಮಾತ್ರೆ?" ಎಂದಳು ಜೈನಬು.

"ನೋವಿಗಷ್ಟೇ ಇದೆ. ಉಳಿದದ್ದು ತಾನಾಗಿ ಇಳೀಬೇಕು," ಎಂದ ವಿಶ್ವನಾಥ.

ಜೈನಬು ತನ್ನ ಬರಿಗೈ ನೋಡುತ್ತ ಕೂತಳು. ತಾಯಿಯ ಕೈ ಸುಮ್ಮನಿರಲಾರದು ಎಂಬುದು ಕೃಷ್ಣವೇಣಿಗೆ ಗೊತ್ತು. ಹಳೆ ಸೀರೆಯ ತುಂಡಿನಲ್ಲಿ ಬೆಚ್ಚಗಿನ ಉಪ್ಪು ಕಟ್ಟಿ ಆ ಅಂಗೈಯಲ್ಲಿಟ್ಟರು. ದಿನಾ ಮುಂಜಾನೆ ಒಬ್ಬರು ರಹ್ಮಾಳ ಒಂದು ಕೈಗೆ, ಇನ್ನೊಬ್ಬರು ಇನ್ನೊಂದು ಕೈಗೆ ಶಾಖ ಕೊಟ್ಟರು.

ಚಳಿ ಬಿದ್ದಮೇಲೆ ಒಂದು ದಿನ ರಹ್ಮಾ ಮೆಟ್ಟಿಲನ್ನು ನಿಂತೇ ಇಳಿದು ಬಂದಳು. ಕೃಷ್ಣವೇಣಿಯ ಸ್ವೆಟರು ತೆರೆದೇ ಇತ್ತು. ಆ ಹಳೆಯ ಜ್ವರ ಹಿಡಿದ ಅವರ ಬೆರಳುಗಳು ಚಳಿಯಲ್ಲಿ ಇನ್ನೂ ಮಡಚುತ್ತಿರಲಿಲ್ಲ. ಮಗು ಮುಂದೆ ನಿಂತು, ನಾಲಿಗೆ ಕಚ್ಚಿ, ಕೆಳಗಿನಿಂದ ಒಂದೊಂದೇ ಗುಂಡಿ ಹಾಕಿತು. ಮೇಲೆ ಬರುವಷ್ಟರಲ್ಲಿ ಗುಂಡಿಯಿಲ್ಲದ ಒಂದು ಕಾಜ ಉಳಿದಿತ್ತು.

ಕೃಷ್ಣವೇಣಿ ಅದನ್ನು ಸರಿಮಾಡಲಿಲ್ಲ. ಸೊಟ್ಟ ಸ್ವೆಟರಿನಲ್ಲೇ ಮನೆಗೆ ಹೋದರು.