ಕೊಳವೆಗೆ ಕಿವಿ

ಅಪ್ಪ ಸುತ್ತಿಗೆಯಿಂದ ಕಬ್ಬಿಣದ ಕೊಳವೆಗೆ ಮೂರು ಸಲ ಬಡಿದ. ಮಗಳು ಮಂಡಿಯೂರಿ, ಕೊಳವೆಯ ಬಾಯಿಯ ತುಕ್ಕನ್ನು ಅಂಗೈಯಿಂದ ಒರೆಸಿ, ಕಿವಿಯಿಟ್ಟಳು. ನೂರು ಎಣಿಸುವಷ್ಟು ಹೊತ್ತು ಹಾಗೇ ಇದ್ದು, ಇಲ್ಲವೆಂದು ತಲೆಯಾಡಿಸಿದಳು. ಅಪ್ಪ ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಗಣಿ ನಡೆಯುತ್ತಿದ್ದ ಕಾಲದಲ್ಲಿ ಸುರಂಗಕ್ಕೆ ಗಾಳಿ ಇಳಿಸಲು ಹಾಕಿದ ಕೊಳವೆ ಅದು. ಅವಳು ಹುಟ್ಟುವ ಮೊದಲೇ ಆ ಸುರಂಗ ಕುಸಿದು ಚಿಕ್ಕಪ್ಪ ಒಳಗೇ ಉಳಿದ. ಆಗ ಅವನಿಗೆ ಇಪ್ಪತ್ತೆರಡು. ಈಗ ಅವಳಿಗೂ ಅಷ್ಟೇ. ನಾಲ್ಕನೇ ದಿನ ಹುಡುಕಾಟ ನಿಲ್ಲಿಸಿದರು. ಐದನೇ ದಿನ ಕೊಳವೆಯಲ್ಲಿ ಮೂರು ಬಡಿತ ಕೇಳಿಸಿತೆಂದು ಅಪ್ಪ ಕಂಡಕಂಡವರ ಕಾಲು ಹಿಡಿದ. ಕಲ್ಲು ಕೊರೆಯುವ ಯಂತ್ರ ಹಿಡಿದು ಅರ್ಧ ಕಿವುಡಾದವನ ಮಾತನ್ನು ಯಾರು ನಂಬುತ್ತಾರೆ? ಗಣಿ ಮುಚ್ಚಿದ ಮೇಲೆ, ಯಾರಿಗೂ ಬೇಡವಾಗಿದ್ದ ಆ ದೊಡ್ಡ ಜಾಗವನ್ನು ಅವನೇ ಕೇಳಿ ಪಡೆದು, ಮೂಲೆಯಲ್ಲಿ ಎರಡು ಕೋಣೆಯ ಮನೆ ಕಟ್ಟಿದ.

ಅವಳಿಗೆ ಹತ್ತು ತುಂಬುವಷ್ಟರಲ್ಲಿ ಅವನ ಕಿವಿ ಪೂರ್ತಿ ಹೋಗಿತ್ತು. ಗಣಿಯಲ್ಲಿ ಹಿಂದೆ ಪಾಳಿ ಬದಲಾಗುತ್ತಿದ್ದ ಹೊತ್ತಿಗೆಲ್ಲ, ದಿನಕ್ಕೆ ಮೂರು ಸಲ, ಅವಳೇ ಕಿವಿಯಿಡಬೇಕಾಯಿತು. ಮಧ್ಯಾಹ್ನದ ಪಾಳಿಗಾಗಿ ಶಾಲೆ ಬಿಟ್ಟಳು. ಆ ವರ್ಷವೇ ಒಂದು ದಿನ ಅವನ ಮುಖ ನೋಡಲಾರದೆ, “ಕೇಳಿಸ್ತು ಅಪ್ಪಾ, ಮೂರು ಸಲ” ಎಂದುಬಿಟ್ಟಳು. ಅಪ್ಪ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹಿತ್ತಿಲೆಲ್ಲ ಸುತ್ತಿದ್ದ. ಅವನು ಅಷ್ಟು ನಕ್ಕಿದ್ದನ್ನು ಅವಳು ಮತ್ತೆ ಕಾಣಲಿಲ್ಲ.

ಅಮ್ಮ ಸಾಕಾಗಿ ಎರಡು ವರ್ಷದ ಹಿಂದೆ ದೊಡ್ಡಮ್ಮನ ಊರು ಸೇರಿದ್ದಳು. ಈಗ ನೆಲ ಕುಸಿಯುತ್ತಿದೆ, ಮನೆ ಖಾಲಿ ಮಾಡಿ ಎಂದು ಗಣಿ ಕಚೇರಿಯವರು ನೋಟಿಸು ಅಂಟಿಸಿದ್ದರು. ನಾಳೆ ಕೊಳವೆಗೆ ಕಾಂಕ್ರೀಟು ಸುರಿಯುತ್ತಾರಂತೆ. ಇವತ್ತು ಲಾರಿ ಬಂದಿತ್ತು.

“ಅಲ್ಲಾ ಯಜಮಾನ್ರೇ, ಮನೆ ಬೆಂಕಿಪೊಟ್ಟಣದಷ್ಟು, ಹಿತ್ತಿಲು ಮೈದಾನದಷ್ಟು! ಹಿತ್ತಿಲನ್ನೂ ಲಾರಿಗೆ ಹಾಕ್ಬೇಕಾ?” ಎಂದ ಡ್ರೈವರು.

ಅಪ್ಪ ಅವನ ತುಟಿ ನೋಡಿ ಅರ್ಥಮಾಡಿಕೊಂಡ. “ಪಾತ್ರೆ ಪಗಡ ಹಾಕ್ಕೋ, ಇವಳನ್ನ ಕರ್ಕೊಂಡ್ಹೋಗು. ನಾನು ಬರಲ್ಲ. ನನ್ನ ತಮ್ಮ ಇಲ್ಲಿದಾನೆ.”

“ಎಲ್ಲಿ? ಕರೀರಿ, ಅವರನ್ನೂ ಮುಂದೆ ಕೂರಿಸ್ಕೊಳ್ಳೋಣ.”

ಯಾರೂ ನಗಲಿಲ್ಲ. ಡ್ರೈವರು ಹುಡುಗಿಯ ಮುಖ ನೋಡಿ, ಟೈರು ಒದ್ದು ನೋಡುವ ನೆಪದಲ್ಲಿ ಆಚೆ ಹೋದ.

ಅವಳು ಅಪ್ಪನ ಎದುರು ನಿಂತಳು. ತುಟಿ ಸರಿಯಾಗಿ ಕಾಣಲೆಂದು ನಿಧಾನವಾಗಿ ಹೇಳಿದಳು. “ಅವತ್ತು ಏನೂ ಕೇಳಿಸಿರ್ಲಿಲ್ಲ ಅಪ್ಪಾ. ನಾನು ಸುಳ್ಳು ಹೇಳ್ದೆ.”

“ಇನ್ನೊಂದ್ಸಲ ಹೇಳು.”

ಹೇಳಿದಳು. ಅಪ್ಪ ಅವಳ ತಲೆ ಸವರಿದ.

“ನನ್ನ ಎಬ್ಬಿಸ್ಕೊಂಡು ಹೋಗೋಕೆ ಈಗ ಸುಳ್ಳು ಹೇಳ್ತಿದೀಯ, ಹುಚ್ಚಿ. ಹತ್ತು ವರ್ಷದ ಮಗು ಅಂಥ ಸುಳ್ಳು ಹೇಳುತ್ತಾ? ಹೋಗು. ನಿಮ್ಮಮ್ಮ ಕಾಯ್ತಿರ್ತಾಳೆ.”

ಪಾತ್ರೆ, ಹಾಸಿಗೆ, ಒಂದು ಕುರ್ಚಿ. ಲಾರಿಯ ಮೂಲೆಯೂ ತುಂಬಲಿಲ್ಲ. ಅಷ್ಟರಲ್ಲಿ ಮಧ್ಯಾಹ್ನದ ಪಾಳಿಯ ಹೊತ್ತಾಯಿತು. ಡ್ರೈವರು ಹಾರ್ನ್ ಹೊಡೆದ. ಅಪ್ಪ ಕೊಳವೆಯತ್ತ ನಡೆದು ಮೂರು ಸಲ ಬಡಿದ. ಅವಳು ಓಡಿಬಂದು ಮಂಡಿಯೂರಿದಳು. ಈ ಸಲ ಕಿವಿಯಿಡಲಿಲ್ಲ, ಬಾಯಿಟ್ಟಳು.

“ಚಿಕ್ಕಪ್ಪಾ, ನೀನಾದ್ರೂ ಅಪ್ಪಂಗೆ ಹೋಗು ಅಂತ ಹೇಳು.”